ಹದಿಮೂರು ಅಂಗಿಯ ಆರ್ಡರು

ಹದಿಮೂರಕ್ಕೆಲ್ಲ ಸ್ಕ್ರೀನ್ ಕಟ್ಟಿದರೆ ನನಗೇನೂ ಗಿಟ್ಟೋದಿಲ್ಲ
ಎಂದು ಹೇಳಲೆಂದೇ ಬಾಯಿ ತೆರೆದಿದ್ದೆ.
ಅಷ್ಟರಲ್ಲಿ ಐವರೂ ಒಳಗೆ ಬಂದರು,
ಅಂಗಡಿ ತುಂಬ ಬೆಂದ ಗೂಡಿನ ವಾಸನೆ.

ಶಿಡ್ಲಘಟ್ಟದಲ್ಲಿ ಈ ವಾಸನೆಗೆ ಯಾರೂ ಮೂಗು ಮುಚ್ಚುವುದಿಲ್ಲ.
ಬಾಡಿಗೆ, ಫೀಜು, ಮದುವೆಯ ಮುಯ್ಯಿ, ಎಲ್ಲ ಇದರಲ್ಲೇ ಹುಟ್ಟಬೇಕು.
"ಥ್ರೋಬಾಲು ಸಾರ್. ಚಿಂತಾಮಣಿಯಲ್ಲಿ ಪಂದ್ಯ.
ಭಾನುವಾರ."

ನಾಲ್ಕು ಮಾದರಿ ಹರವಿದೆ.
ಮೊದಲನೆಯದು ವಿನೈಲು, ಮಿಂಚುತ್ತೆ,
ಕತ್ತರಿಸಿ ಕಾದ ಪ್ರೆಸ್ಸಿನಲ್ಲಿ ಅಂಟಿಸೋದು, ಎನ್ನುತ್ತಿದ್ದೆ.
ಮುನಿರತ್ನಮ್ಮ ಅದನ್ನು ಬೆರಳಿನಿಂದ ಸವರಿ ನೋಡಲಿಲ್ಲ,
ಎತ್ತಿ ಕೆನ್ನೆಗೆ ಒತ್ತಿಕೊಂಡಳು, ಕಣ್ಣು ಮುಚ್ಚಿ.
"ಬೆರಳಿಗೆ ಗೊತ್ತಾಗಲ್ಲಪ್ಪ.
ಹತ್ತೊಂಬತ್ತು ವರ್ಷದ ಬಿಸಿನೀರು."
ತುದಿಗಳು ನೆನೆದ ಅವಲಕ್ಕಿಯ ಹಾಗೆ ಬಿಳಿಚಿ
ಅಲ್ಲಲ್ಲಿ ಸಿಪ್ಪೆ ಎದ್ದಿದ್ದವು.
"ಇದೂ ನಮ್ಮ ಕೈ ಥರಾನೇ. ನೆನೆದರೆ ಏಳುತ್ತೆ. ಬೇಡ."

ಎರಡನೆಯದರಲ್ಲಿ ಬಣ್ಣ ಆವಿಯಾಗಿ
ಎಳೆಯೊಳಕ್ಕೇ ಇಳಿದುಬಿಡುತ್ತದೆ.
ಕೆನ್ನೆಯಿಂದ ಕೆನ್ನೆಗೆ ಹೋಯಿತು ಬಟ್ಟೆ,
ಯಾರ ಕೆನ್ನೆಗೂ ಬಣ್ಣ ಎಲ್ಲಿದೆಯೆಂದು ತಿಳಿಯಲಿಲ್ಲ.
"ರೇಷ್ಮೆ ಮೇಲೆ ಬರುತ್ತಾ?"
"ಇಲ್ಲ, ಪಾಲಿಯೆಸ್ಟರಿಗೇ."
ನಕ್ಕರು. ಎಷ್ಟು ನಕ್ಕರೆಂದರೆ
ಪಕ್ಕದ ಸೈಕಲ್ ಶಾಪಿನವನು ಬಂದು ಇಣುಕಿದ.
ನಗು ನಿಂತ ಮೇಲೆ ಒಬ್ಬಳು ಮೆಲ್ಲಗೆ,
"ಬೆವರು ಹೀರಲ್ಲ ಅದು."

ಕಸೂತಿಯ ಹುಲಿ ನನ್ನ ಹೆಮ್ಮೆ.
ಹನ್ನೊಂದು ಸಾವಿರ ಹೊಲಿಗೆ, ಮೀಸೆಗೆ ಬೇರೆ ದಾರ.
ಶಂಶಾದ್ ಹುಲಿಯ ಮುಖ ನೋಡಲೇ ಇಲ್ಲ,
ಮಗುಚಿ ಬೆನ್ನು ನೋಡಿದಳು.
ಕುದಿವ ನೀರಲ್ಲಿ ನೂರು ಗೂಡಿನ ನೂರು ತುದಿ ಹುಡುಕುವವಳಿಗೆ
ಇದೊಂದು ತುದಿ ಯಾವ ಲೆಕ್ಕ?
ಎಳೆದಳು.
ಸರ್ರನೆ ಮೀಸೆ ಬಂತು, ಹಿಂದೆಯೇ ಅರ್ಧ ಮೂಗು.
"ಅಯ್ಯೋ, ತಪ್ಪಾಯ್ತು ಸಾರ್" ಎನ್ನುತ್ತಲೇ
ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು, ಅಭ್ಯಾಸ ಬಲ.

ಉಳಿದದ್ದು ಮೂಲೆಯ ಹಳೇ ಚೌಕಟ್ಟು:
ಬಿಗಿದ ಜಾಲರಿ, ರಬ್ಬರಿನ ಪಟ್ಟಿ, ನೀರಲ್ಲಿ ಕಲೆಸಿದ ಶಾಯಿ,
ಹತ್ತಿ ಬಟ್ಟೆ, ಒಂದೇ ಬಣ್ಣ.
ಮುನಿರತ್ನಮ್ಮನ ಕೆನ್ನೆ ಒಪ್ಪಿತು.
ಗಿಟ್ಟೋದಿಲ್ಲ ಅನ್ನುವ ಮಾತನ್ನು
ಯಾವಾಗ ಹೇಳಬೇಕಿತ್ತೋ, ಹೇಳಲಿಲ್ಲ.

"ಬೆನ್ನಿಗೆ ಬೇಸಿನ್ ನಂಬರೇ ಹಾಕಿಬಿಡಿ, ನೆನಪಿರುತ್ತೆ."
"ನಂಗೆ ಬೇಡ."
ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದ ರುಖಿಯಾ.
"ಆರು ದಿನ ಅದರ ಮುಂದೆ ನಿಂತಿರ್ತೀನಿ.
ಏಳನೇ ದಿನ ಬೆನ್ನ ಮೇಲೂ ಹೊರಬೇಕಾ?"
ಫ್ಯಾನು ತಿರುಗುತ್ತಿತ್ತು.
"ಮತ್ತೆ ಯಾವುದಮ್ಮ?"
"ಎಂಬತ್ತೆಂಟು."
"ಯಾಕೆ?"
"ನಮ್ಮ ಫಿಲೇಚರಿನಲ್ಲಿ ಅಷ್ಟು ಬೇಸಿನ್ನೇ ಇಲ್ಲ."

ಆಮೇಲೆ ಒಬ್ಬೊಬ್ಬರೂ ತಮ್ಮ ನಂಬರು ಬದಲಾಯಿಸಿದರು.
ಮುನಿರತ್ನಮ್ಮ ಮಾತ್ರ ತನ್ನ ಏಳನ್ನು ಬಿಡಲಿಲ್ಲ.

ಹದಿಮೂರು ನಂಬರಿಗೆ ಹದಿಮೂರು ಸ್ಕ್ರೀನ್ ಯಾವನು ಕಟ್ಟುತ್ತಾನೆ?
ಅಪ್ಪನ ಮೊಣಕಾಲಿನ ಎಕ್ಸ್‌ರೇ ಹಾಳೆ ಬೀರುವಿನಿಂದ ತೆಗೆದು
ಸೊನ್ನೆಯಿಂದ ಒಂಬತ್ತರವರೆಗೆ ಬ್ಲೇಡಿನಲ್ಲಿ ಕೊರೆದೆ.
ಎಂಟು ಕಷ್ಟ.
ಎರಡೂ ಹೊಟ್ಟೆಗೆ ಒಂದೊಂದು ಸೇತುವೆ ಬಿಡಬೇಕು,
ಇಲ್ಲದಿದ್ದರೆ ನಡು ಉದುರಿ ಬರೀ ತೂತು.

ಮುಂಗಡದ ನೋಟು ಗಲ್ಲಾದಲ್ಲಿ ಇನ್ನೂ ಒದ್ದೆ.

ಶನಿವಾರ ರಾತ್ರಿ ಮೊದಲ ಅಂಗಿ ಒಣಗಿತು.
ಹೆಬ್ಬೆರಳಿನಿಂದ ಒತ್ತಿ ನೋಡುವುದು ನನ್ನ ರೂಢಿ.
ಅವತ್ತು ಷಟರ್ ಅರ್ಧ ಎಳೆದು
ಕೆನ್ನೆಗೆ ಹಿಡಿದೆ.
ಗಡ್ಡ ಬೋಳಿಸಿರಲಿಲ್ಲ, ಏನೂ ತಿಳಿಯಲಿಲ್ಲ,
ಬಿಸಿ ಇತ್ತು, ಅಷ್ಟೆ.
ಬಲಗಡೆಯ ಎಂಟು ಎಡಗಡೆಯದಕ್ಕಿಂತ
ಒಂದು ನೂಲು ಕೆಳಗೆ ಕೂತಿತ್ತು.
ಹಾಗೇ ಬಿಟ್ಟೆ.